ಬಿಗಿ ಹೊಲಿಗೆ

ಏಪ್ರಿಲ್ ೭

ಗುಂಡೀ,

ಬಸ್ಸಿನಲ್ಲಿ ವಾಂತಿ ಆಗಲಿಲ್ಲ. ಕೈಗೊಂದು ನಿಂಬೆಹಣ್ಣು ಕೊಟ್ಟು, ದಾರಿಯುದ್ದಕ್ಕೂ ಸಾಕಾಗುವಷ್ಟು ಭಾಷಣ ಮಾಡಿ ಹತ್ತಿಸಿದ್ದೆಯಲ್ಲ, ಅದಕ್ಕೇ ಮೊದಲು ಈ ಸುದ್ದಿ. ನಿಂಬೆಹಣ್ಣು ಪಕ್ಕದ ಸೀಟಿನ ಹುಡುಗಿಗೆ ಬೇಕಾಯಿತು, ಕೊಟ್ಟುಬಿಟ್ಟೆ. ಪೇಟೆ ದಾಟಿದ ಮೇಲೆ ಕಿಟಕಿಯಾಚೆ ಮರ ಬಿಟ್ಟರೆ ಮರ. ಇಷ್ಟು ಮರಗಳ ನಡುವೆ ಮನುಷ್ಯರು ಏನು ತಿಂದು ಬದುಕುತ್ತಾರೋ ಎಂದು ಯೋಚಿಸುತ್ತಾ ನಿದ್ದೆ ಹೋದೆ.

ನಿನ್ನ ಚಿಕ್ಕಮ್ಮನ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿದ್ದಾರೆ. ದೋಣಿ ಕಟ್ಟಿಹಾಕುವ ಹಲಗೆಯ ಮೇಲೆ ಜಾರಿ ಬಿದ್ದಳಂತೆ. ಕೈಗೆ ಪೆಟ್ಟಾಗಿದೆ, ನಾಲಿಗೆಗೆ ಏನೂ ಆಗಿಲ್ಲ. ಅವಳ ವಸತಿಗೃಹ ಕೆರೆಯ ದಂಡೆಯಲ್ಲೇ ಇದೆ. ಅತಿಥಿಗಳು ಬರುವುದು ಶುರುವಾಗಿದೆ. ಹಾಸಿಗೆ ಹೊದಿಕೆ ಬದಲಾಯಿಸುವುದು, ಬೆಳಗ್ಗೆ ಅವರಿಗೆ ತಿಂಡಿ ಕೊಡುವುದು ಈಗ ನನ್ನ ಪಾಲಿಗೆ ಬಂದಿದೆ. ಬೆನ್ನಿಗೆ ಚೀಲ ಏರಿಸಿಕೊಂಡು ಬರುವ ಜನರ ಹಸಿವು ನೋಡಬೇಕು ನೀನು. ಮಾಡಿ ಹಾಕಿದವರಿಗೂ ಹೊಟ್ಟೆ ತುಂಬುತ್ತದೆ.

ಫೋನು ಇಲ್ಲಿ ಇದ್ದೂ ಇಲ್ಲದ ಹಾಗೆ. ಹಿತ್ತಿಲ ಬಂಡೆ ಹತ್ತಿ ನಿಂತರೆ ನಿನ್ನ ಧ್ವನಿ ಬರುತ್ತದೆ, ಇಳಿದರೆ ಹೋಗುತ್ತದೆ. ಈ ವಯಸ್ಸಿನಲ್ಲಿ ಬಂಡೆಯ ಮೇಲೆ ನಿಂತು ಮಗಳ ಕೈಲಿ ಬೈಸಿಕೊಳ್ಳಲು ನನಗೆ ಇಷ್ಟವಿಲ್ಲ. ಕಾಗದದಲ್ಲೇ ಬೈ.

ಈ ಊರಿನ ಕಾಡು ಪುರಸಭೆಯದೇ ಅಂತೆ. ಪಕ್ವವಾದ ಮರ ಕಡಿದು, ಸಾಮಿಲ್ಲಿನಲ್ಲಿ ಸೀಳಿ ಮಾರುತ್ತಾರೆ. ಆ ಹಣದಲ್ಲೇ ಶಾಲೆಯ ಬಸ್ಸು, ಗ್ರಂಥಾಲಯ, ಕಾಡಿನೊಳಗಿನ ಕಾಲುದಾರಿಗಳ ರಿಪೇರಿ. ಆ ಕಾಲುದಾರಿಗಳಲ್ಲಿ ನಡೆಯಲು, ಸೈಕಲ್ ತುಳಿಯಲು, ಕೆರೆಯಲ್ಲಿ ದೋಣಿ ನಡೆಸಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಒಬ್ಬರಿಗೆ ಮರ ಬೀಳಬೇಕು, ಇನ್ನೊಬ್ಬರಿಗೆ ಅದೇ ಮರ ನಿಲ್ಲಬೇಕು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವ ಊರಿರಬೇಕು ಇದು ಎಂದುಕೊಂಡಿದ್ದೆ. ಇವತ್ತು ಚೌಕದಲ್ಲಿದ್ದ ಹಲಗೆ ಓದಿದೆ. ‘ಈ ವಾರ ಉತ್ತರದ ದಾರಿಯಲ್ಲಿ ಮರ ಬೀಳುತ್ತದೆ. ದಯವಿಟ್ಟು ಕೆರೆಯಂಚಿನ ದಾರಿಯಲ್ಲಿ ಹೋಗಿ. ಸ್ವಲ್ಪ ಸುತ್ತು, ಆದರೆ ಬಾತುಕೋಳಿಗಳು ಮರಿ ಮಾಡಿವೆ.’ ನಿಂತು ಎರಡು ಸಲ ಓದಿದೆ. ನಮ್ಮ ಬೀದಿಯಲ್ಲಿ ಗುಂಡಿ ತೋಡಿದಾಗ ಒಂದು ಕೆಂಪು ಬಟ್ಟೆ ಕಟ್ಟಿದ್ದರೆ ಅದೇ ದೊಡ್ಡದು.

ಜೂನ್ ಹೊತ್ತಿಗೆ ಇವಳ ಕೈ ಸರಿಹೋಗುತ್ತದೆ. ಬಂದುಬಿಡುತ್ತೇನೆ. ಅಲ್ಲಿಯವರೆಗೆ ನಿಂತುಕೊಂಡು ಊಟ ಮಾಡಬೇಡ.

ಅತಿಥಿಗಳ ಹಾಲು ಉಕ್ಕುವ ಮೊದಲು ಮುಗಿಸುತ್ತಿರುವ,
ಅಮ್ಮ


ಏಪ್ರಿಲ್ ೧೮

ಅಮ್ಮಾ,

ನೀನಿಲ್ಲ ಎಂದು ಪಾತ್ರೆಗಳಿಗೂ ಗೊತ್ತಾಗಿದೆ. ದಿನಕ್ಕೊಂದು ತಳ ಹಿಡಿಯುತ್ತಿದೆ.

ಕನ್ನಡಕದ ಅಂಗಡಿಯಲ್ಲಿ ಎಲ್ಲ ಹಾಗೇ. ನಿನ್ನೆ ಒಬ್ಬರು ತಾತ ಕಣ್ಣು ಪರೀಕ್ಷೆಗೆ ಬಂದು ಕೊನೆಯ ಸಾಲಿನವರೆಗೂ ಪಟಪಟನೆ ಓದಿದರು. ನನಗೆ ಅನುಮಾನ ಬಂದು ಬೇರೆ ಫಲಕ ಹಾಕಿದರೆ ಮೊದಲ ಅಕ್ಷರವೂ ಕಾಣುತ್ತಿಲ್ಲ. ಹೊರಗೆ ಕಾಯುತ್ತಾ ಕೂತಾಗ ಬಾಯಿಪಾಠ ಮಾಡಿಕೊಂಡಿದ್ದಾರೆ. ಮಗ ಕನ್ನಡಕಕ್ಕೆ ದುಡ್ಡು ಕೊಡಬೇಕಾಗುತ್ತದಲ್ಲ ಎಂದು ಸಂಕೋಚವಂತೆ. ಮಗ ಪಕ್ಕದಲ್ಲೇ ಕೂತಿದ್ದ, ಅವನಿಗೆ ಕಣ್ಣಲ್ಲಿ ನೀರು.

ಕೆಳಮನೆಯವರು ರವಿಕೆ ಯಾರ ಹತ್ತಿರ ಹೊಲಿಸುವುದು ಎಂದು ಮೂರು ಸಲ ಕೇಳಿದರು. ಶಾಲೆಯವರು ಸಮವಸ್ತ್ರಕ್ಕೆ ಈ ಸಲವೂ ನಿನಗೇ ಹೇಳಬೇಕಂತೆ. ಜೂನ್‌ಗೆ ಬರುತ್ತಾಳೆ ಎಂದು ಹೇಳಿದ್ದೇನೆ. ಮೂರನೆಯ ಮಹಡಿಗೆ ಗಾಳಿ ಚೆನ್ನಾಗಿ ಬರುತ್ತಿದೆ. ಅಪ್ಪ ಹೋದ ಮೇಲೆ ಈ ಮನೆಯಲ್ಲಿ ನಾವಿಬ್ಬರೇ ಎಂದುಕೊಳ್ಳುತ್ತಿದ್ದೆ. ಒಬ್ಬಳೇ ಎಂದರೆ ಲೆಕ್ಕವೇ ಬೇರೆ ಎಂದು ಈಗ ಗೊತ್ತಾಯಿತು. ಇರಲಿ, ನಾನು ಚೆನ್ನಾಗಿದ್ದೇನೆ.

ಕೂತುಕೊಂಡೇ ಊಟ ಮಾಡುತ್ತಿರುವ,
ಗುಂಡಿ


ಮೇ ೧೪

ಗುಂಡೀ,

ನಾನು ಅಂಗಡಿ ಇಟ್ಟಿದ್ದೇನೆ. ಮೊದಲು ನೀರು ಕುಡಿ, ಆಮೇಲೆ ಓದು.

ಒಬ್ಬ ಅತಿಥಿಯ ಟೆಂಟಿನ ಜಿಪ್ಪು ಕಿತ್ತುಹೋಗಿತ್ತು. ಮನುಷ್ಯ ತಲೆ ಮೇಲೆ ಕೈಹೊತ್ತು ಕೂತಿದ್ದ. ಕೈಸೂಜಿಯಲ್ಲೇ ಹೊಲಿದುಕೊಟ್ಟೆ. ಸಂಜೆ ಅವನ ಗುಂಪಿನವರೆಲ್ಲ ಹರಿದ ಬೆನ್ನುಚೀಲ ಹಿಡಿದು ಬಂದರು. ಮಾರನೆಯ ದಿನ ದೋಣಿ ಬಾಡಿಗೆ ಕೊಡುವವಳು ದೋಣಿ ಹತ್ತುವವರಿಗೆ ತೊಡಿಸುವ ತೇಲುಅಂಗಿಗಳ ಪಟ್ಟಿಗಳನ್ನೆಲ್ಲ ತಂದು ಸುರಿದಳು. ‘ಅಕ್ಕಾ, ಹರಿದಿದ್ದಕ್ಕೆಲ್ಲ ಹೊಸದು ತರಿಸ್ತಾ ಇದ್ವಿ. ಹೊಲಿಯೋರೇ ಇರ್ಲಿಲ್ಲ ನಮ್ಮೂರಲ್ಲಿ,’ ಎಂದಳು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ?

ಚಿಕ್ಕಮ್ಮ ಪುರಸಭೆಯಲ್ಲಿ ಮಾತಾಡಿ ಹಳೆಯ ರೈಲು ನಿಲ್ದಾಣದ ಟಿಕೆಟ್ ಕೋಣೆ ಕೊಡಿಸಿದಳು. ರೈಲು ನಿಂತು ಬಹಳ ವರ್ಷವಾಗಿದೆ. ಹಳಿ ಕಿತ್ತು ಆ ಜಾಗದಲ್ಲಿ ಸೈಕಲ್ ದಾರಿ ಮಾಡಿದ್ದಾರೆ. ನಾನು ಟಿಕೆಟ್ ಕಿಟಕಿಯ ಹಿಂದೆ ಮೆಷಿನ್ ಇಟ್ಟುಕೊಂಡು ಕೂತಿರುತ್ತೇನೆ. ಬಾಡಿಗೆಯ ಮೆಷಿನ್, ಸ್ವಲ್ಪ ತಲೆಹರಟೆ ಮಾಡುತ್ತದೆ. ಸೈಕಲಿನವರು ಹೋಗುತ್ತಾ ಬೆಲ್ಲು ಹೊಡೆದು, ‘ಮುಂದಿನ ಗಾಡಿ ಎಷ್ಟೊತ್ತಿಗಮ್ಮಾ?’ ಎಂದು ಕೇಳುತ್ತಾರೆ. ಎಲ್ಲರಿಗೂ ತಮಗೊಬ್ಬರಿಗೇ ಹೊಳೆದ ಹಾಸ್ಯ ಎಂಬ ಸಂತೋಷ. ನಾನೂ ಪ್ರತಿಸಲ ನಗುತ್ತೇನೆ.

ಗುಂಡೀ, ನಾನು ಎಷ್ಟು ಸಮವಸ್ತ್ರ ಹೊಲಿದಿರಬಹುದು ಹೇಳು. ಎಲ್ಲ ಒಂದೇ ನೀಲಿ, ಒಂದೇ ಕಾಲರು. ಇಲ್ಲಿ ಬೆಳಗ್ಗೆ ಬಾಗಿಲು ತೆಗೆದರೆ ಏನು ಬರುತ್ತದೆ ಎಂದೇ ಗೊತ್ತಿರುವುದಿಲ್ಲ. ಹಕ್ಕಿ ನೋಡುವವನ ದುರ್ಬೀನಿನ ಚೀಲ, ಬಂಡೆ ಹತ್ತುವವರ ಸೊಂಟಪಟ್ಟಿ, ಸಾಮಿಲ್ಲಿನವರ ಚರ್ಮದ ಏಪ್ರನ್ನು. ಪ್ರತಿಯೊಂದಕ್ಕೂ ಹೊಸದಾಗಿ ಯೋಚನೆ ಮಾಡಬೇಕು. ನನ್ನ ತಲೆಗೆ ತುಕ್ಕು ಹಿಡಿದಿರಲಿಲ್ಲ ಎಂದು ಗೊತ್ತಾದದ್ದೇ ಒಂದು ಖುಷಿ.

ಮರ ಕಡಿಯುವವರಿಂದ ಹೋದ ವಾರ ಮೊದಲ ಕೆಲಸ ಬಂತು. ಬಂದವನು ಬಾಗಿಲಿನಷ್ಟೇ ಅಗಲ, ಮಾತು ಮಾತ್ರ ಪಿಸುಗುಟ್ಟಿದ ಹಾಗೆ. ಊರವರು ಅವನನ್ನು ಮರಿಯಾನೆ ಎನ್ನುತ್ತಾರೆ. ಅವನ ಕೆಲಸದ ಪ್ಯಾಂಟು ಮಂಡಿಯ ಮೇಲೆ ಮುಳ್ಳುತಂತಿಗೆ ಸಿಕ್ಕಿ ಹರಿದಿತ್ತು. ಒಳಗೆ ರಜಾಯಿಯ ಹಾಗೆ ಏನೋ ದಪ್ಪಗೆ ತುಂಬಿದ್ದರು, ಚಳಿಗೆ ಇರಬೇಕು. ಅದು ಜರುಗದಂತೆ ಪದರ ಪದರ ಹಿಡಿದು, ಒಳಗಿನವರೆಗೂ ಹಾಯುವಂತೆ ಎರಡು ಸಾಲು ಬಿಗಿ ಹೊಲಿಗೆ ಹಾಕಿ, ಮೇಲೆ ತೇಪೆ ಕೊಟ್ಟೆ. ನನ್ನ ಜನ್ಮದಲ್ಲಿ ಅಂಥ ಅಚ್ಚುಕಟ್ಟಾದ ತೇಪೆ ಹಾಕಿಲ್ಲ. ಅವನು ಒಯ್ದು, ಆಮೇಲೆ ಅದೇ ಸಂಜೆ ತಿರುಗಿ ಬಂದು ಬಾಗಿಲಲ್ಲಿ ನಿಂತ. ಹೇಗಿದೆಯಪ್ಪಾ ಎಂದೆ. ತುಂಬಾ ಚೆನ್ನಾಗಿದೆ ಎಂದು ಹೋದ. ಅಷ್ಟು ಹೇಳಲು ಅಷ್ಟು ದೂರ ಬಂದಿದ್ದಾನೆ ನೋಡು! ಈಗ ದಿನಾ ಬೆಳಗ್ಗೆ ಅವರ ಲಾರಿ ಹೋಗುವಾಗ ನಾನು ಬಾಗಿಲಲ್ಲಿ ನಿಂತು ಅವನ ಮಂಡಿ ನೋಡುತ್ತೇನೆ. ನೀನು ಮೊದಲ ದಿನ ಶಾಲೆಗೆ ಹೋದಾಗ ನಿನ್ನ ಲಂಗ ನೋಡಿದ ಹಾಗೆ.

ಒಂದು ವಿಷಯ. ಕೋಣೆಯನ್ನು ಇನ್ನೂ ಒಂದು ವರ್ಷಕ್ಕೆ ಬರೆದುಕೊಡುತ್ತೇವೆ, ಜುಲೈ ಮುಗಿಯುವುದರೊಳಗೆ ಹೇಳಿ ಎಂದಿದ್ದಾರೆ ಪುರಸಭೆಯವರು. ಮಗಳನ್ನು ಕೇಳಬೇಕು ಎಂದೆ. ಸುಮ್ಮನೆ ತಿಳಿಸಿದೆ ಅಷ್ಟೇ. ಬರುವುದಂತೂ ಬಂದೇ ಬರುತ್ತೇನೆ, ಚಿಕ್ಕಮ್ಮನ ಕೈ ಒಂದು ಸರಿಹೋಗಲಿ.

ಬಾಬಿನ್ನಿಗೆ ದಾರ ಸುತ್ತಲು ಹೊರಟ,
ಅಮ್ಮ


ಮೇ ೨೭

ಅಮ್ಮಾ,

ಅಂಗಡಿಯ ಸುದ್ದಿ ಓದಿ ಸಂತೋಷವಾಯಿತು. ನಿನ್ನ ಕೈಗೆ ಒಪ್ಪುವ ಕೆಲಸವೇ.

ಶಾಲೆಯವರು ಸಮವಸ್ತ್ರದ ಕೆಲಸ ಬೇರೆಯವರಿಗೆ ಕೊಟ್ಟರು. ಕಾಯಲು ಆಗುವುದಿಲ್ಲವಂತೆ. ಕೆಳಮನೆಯವರೂ ಯಾರನ್ನೋ ಹುಡುಕಿಕೊಂಡರು. ನೀನು ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡ.

ಬರುವುದಕ್ಕೆ ಅವಸರವಿಲ್ಲ. ಚಿಕ್ಕಮ್ಮನ ಕೈ ಪೂರ್ತಿ ವಾಸಿಯಾಗಲಿ. ಕೋಣೆಯ ವಿಷಯ ನನ್ನನ್ನು ಕೇಳುವಂಥದ್ದೇನಿದೆ? ನಿನ್ನಿಷ್ಟ.

ಗುಂಡಿ


ಜೂನ್ ೧೯

ಗುಂಡೀ,

‘ನಿನ್ನಿಷ್ಟ’ ಎಂದು ಬರೆದಿದ್ದೀಯ. ನಿಮ್ಮಪ್ಪನೂ ಆ ಮಾತು ಹೇಳಿದ ದಿನ ಊಟಕ್ಕೆ ಉಪ್ಪು ಹೆಚ್ಚಾಗಿದೆ ಎನ್ನುತ್ತಿದ್ದರು. ಅದಕ್ಕೆ ಏನು ಉತ್ತರ ಬರೆಯಲಿ ಎಂದು ದಿನ ತಳ್ಳಿದೆ. ಈಗ ಉತ್ತರ ಬೇಕಾಗಿಲ್ಲ. ಅಂಗಡಿ ಮುಚ್ಚಿದ್ದೇನೆ.

ಶುಕ್ರವಾರ ಬೆಳಗ್ಗೆ ಇನ್ನೊಬ್ಬ ಮರ ಕಡಿಯುವವನು ತನ್ನ ಹಳೆಯ ಪ್ಯಾಂಟು ತಂದುಕೊಟ್ಟ. ಹಾಕಿಕೊಳ್ಳಲು ಬಾರದು, ಬಟ್ಟೆ ಗಟ್ಟಿಯಿದೆ, ಸಾಮಾನಿನ ಚೀಲ ಮಾಡಿಕೊಡಿ ಎಂದ. ನಾನು ಮಂಡಿಯ ಮೇಲೆ ಕತ್ತರಿ ಹಾಕಿದೆ. ಎರಡು ಇಂಚು ಹೋಗಿ ಕತ್ತರಿ ನಿಂತೇಬಿಟ್ಟಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಒಳಗಿಂದ ಉದ್ದುದ್ದ ಬಿಳಿ ಎಳೆಗಳು ಬಂದು ಅಲಗಿಗೆ ಸುತ್ತಿಕೊಂಡಿದ್ದವು. ಇದೇನಪ್ಪಾ ಎಂದು ಕೇಳಿದೆ. ಅವನು ನಗುತ್ತಾ ಹೇಳಿದ: ‘ಅದಕ್ಕೇ ಅಲ್ವಾ ಆ ಪ್ಯಾಂಟು ಇರೋದು? ಮೆಷಿನ್ ಗರಗಸ ಕೈತಪ್ಪಿ ಕಾಲಿಗೆ ಬಂದ್ರೆ ಈ ಎಳೆ ಎಲ್ಲ ಕಿತ್ಕೊಂಡು ಬಂದು ಚೈನಿಗೆ ಸುತ್ತಿ ನಿಲ್ಲಿಸಿಬಿಡುತ್ತೆ. ಸಡಿಲ ಇರ್ಬೇಕು. ಅಲ್ಲಾಡದೇ ಇದ್ರೆ ಏನೂ ಪ್ರಯೋಜನ ಇಲ್ಲ.’

ಕತ್ತರಿ ಅಲ್ಲೇ ಬಿಟ್ಟು ಎದ್ದೆ. ಮರಿಯಾನೆಯ ಪ್ಯಾಂಟಿನಲ್ಲಿ ಆ ಎಳೆಗಳು ಒಂದೂ ಅಲ್ಲಾಡದ ಹಾಗೆ ಎರಡು ಸಾಲು ಹೊಲಿದವಳು ನಾನು. ಕೆಟ್ಟದಾಗಿ ಹೊಲಿದಿದ್ದರೆ ಅವನು ಕ್ಷೇಮವಾಗಿರುತ್ತಿದ್ದ. ಆ ಬೆಳಗ್ಗೆಯೂ ಲಾರಿಯಲ್ಲಿ ಅದೇ ತೇಪೆ ನೋಡಿ ಸಂತೋಷಪಟ್ಟಿದ್ದೆ.

ಪುರಸಭೆಗೆ ಓಡಿದೆ. ಅಲ್ಲಿಂದ ಮರ ಕಡಿಯುವವರ ಲಾರಿಗೆ ವೈರ್‌ಲೆಸ್ ಇದೆ. ಕರೆದೇ ಕರೆದರು, ಯಾರೂ ಎತ್ತಲಿಲ್ಲ. ಗರಗಸ ಓಡುವಾಗ ಎಲ್ಲರ ಕಿವಿಗೂ ಮುಚ್ಚಳ. ಅವರು ಕೆರೆಯಾಚೆ ಕೆಲಸ ಮಾಡುತ್ತಿದ್ದರು, ರಸ್ತೆಯಲ್ಲಿ ಹೋದರೆ ಬಹಳ ಸುತ್ತು. ಪುರಸಭೆಯ ಗುಮಾಸ್ತೆ ನನ್ನ ಮುಖ ನೋಡಿ, ಒಂದು ಮಾತೂ ಕೇಳದೆ, ಕೈ ಹಿಡಿದು ದೋಣಿಯವಳ ಹತ್ತಿರ ಕರೆದುಕೊಂಡು ಹೋದಳು. ದೋಣಿಯವಳು ಬಾಡಿಗೆಗೆ ಬಂದವರನ್ನು ಆಮೇಲೆ ಬನ್ನಿ ಎಂದು ಕಳಿಸಿ ನನಗೆ ತೇಲುಅಂಗಿ ತೊಡಿಸಿದಳು. ಅದರ ಪಟ್ಟಿ ಹೊಲಿದವಳು ನಾನೇ. ಆ ಗಳಿಗೆಯಲ್ಲಿ ನನಗೆ ನನ್ನ ಹೊಲಿಗೆಯ ಮೇಲೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ.

ನೀರು ಕಂಡರೆ ಹೆದರುವ ನಿನ್ನ ಅಮ್ಮ ದೋಣಿಯಲ್ಲಿ ಕೂತು ಕೆರೆ ದಾಟಿದಳು. ಸುತ್ತಲೂ ರಜೆಗೆ ಬಂದ ಜನ, ಹಳದಿ ಕೆಂಪು ದೋಣಿಗಳು, ಮಕ್ಕಳ ನಗು. ಎಷ್ಟು ಚೆಂದದ ಬೆಳಗ್ಗೆ ಎಂದು ಕಣ್ಣಿಗೆ ಕಾಣುತ್ತಿತ್ತು, ನಾನು ಮಾತ್ರ ಆಚೆ ದಡದ ಮರಗಳನ್ನೇ ನೋಡುತ್ತಿದ್ದೆ. ಆಚೆ ದಡದಲ್ಲಿ ಗುಡ್ಡದ ತಂಗುಮನೆಗೆ ಹೊರಟಿದ್ದ ಒಂದು ಗುಂಪು ಸಿಕ್ಕಿತು. ನನ್ನ ಕಥೆ ಕೇಳಿ ಅವರು ತಮ್ಮ ದಾರಿ ಬಿಟ್ಟು ನನ್ನ ಜೊತೆ ಬಂದರು. ಒಬ್ಬಾಕೆ ಕೈಗೋಲು ಕೊಟ್ಟಳು, ಒಬ್ಬರು ಮುಂದೆ ಹೋಗಿ ಕೊಂಬೆ ಸರಿಸಿದರು. ಏದುಸಿರು ಬಂದಾಗ ಯಾರೂ ‘ಕೂತ್ಕೊಳ್ಳಿ’ ಎನ್ನಲಿಲ್ಲ, ಅದಕ್ಕೆ ಅವರ ಉಪಕಾರ ಮರೆಯಲಾರೆ.

ಕೆಲಸದ ಜಾಗದ ಅಂಚಿನಲ್ಲಿ ಕೆಂಪು ಬಾವುಟ ಹಿಡಿದು ಮೇಸ್ತ್ರಿಯಮ್ಮ ನಿಂತಿದ್ದಳು. ಆ ತಂಡದ ಯಜಮಾನಿ, ನನ್ನ ಭುಜದಷ್ಟೂ ಎತ್ತರವಿಲ್ಲ, ಆನೆಯಂಥ ಗಂಡಸರು ಅವಳ ಮಾತಿಗೆ ಕುಣಿಯುತ್ತಾರೆ. ನಾನು ನುಗ್ಗಲು ಹೋದರೆ ಎದೆಗೆ ಕೈ ಅಡ್ಡ ಇಟ್ಟಳು. ‘ಮರ ಬೀಳ್ತಿದೆ. ಈಗ ಯಾರೂ ಹೋಗೋ ಹಾಗಿಲ್ಲ, ಯಾರು ಸತ್ತರೂ ಹೋಗೋ ಹಾಗಿಲ್ಲ,’ ಎಂದಳು. ದೂರದಲ್ಲಿ ಮರಿಯಾನೆ ಬಾಗಿ ಕೆಲಸ ಮಾಡುತ್ತಿದ್ದ. ಗರಗಸದ ಸದ್ದು ನಿಂತಿತು. ಮರ ಮೊದಲು ಏನೂ ಆಗದ ಹಾಗೆ ನಿಂತಿತ್ತು, ಆಮೇಲೆ ತುದಿ ಸ್ವಲ್ಪ ಜರುಗಿತು, ಆಮೇಲೆ ಆಕಾಶದಲ್ಲಿ ಅದಿದ್ದ ಜಾಗ ಖಾಲಿಯಾಯಿತು. ಪಕ್ಕದ ಎಳೆಯ ಮರಗಳ ಒಂದು ಟೊಂಗೆಯೂ ಮುರಿಯಲಿಲ್ಲ. ಅಂಥ ಹೆದರಿಕೆಯಲ್ಲೂ ಭಲೇ ಅನ್ನಿಸಿತು ನನಗೆ.

ಅವನು ನಮ್ಮ ಕಡೆ ಬಂದ. ಅಷ್ಟು ಜನರ ಮುಂದೆ ನನ್ನ ಬಾಯಿಂದ ಬಂದ ಮೊದಲ ಮಾತು, ‘ಪ್ಯಾಂಟು ಬಿಚ್ಚಪ್ಪಾ.’

ಪಾಪ, ಅವನ ಕಿವಿ ಕೆಂಪಗಾಯಿತು. ಬೀಳಿಸಿದ ಮರದ ಮರೆಗೆ ಹೋಗಿ ಬಿಚ್ಚಿಕೊಟ್ಟು, ಯಾರದೋ ಮಳೆಕೋಟು ಸೊಂಟಕ್ಕೆ ಸುತ್ತಿಕೊಂಡು ಕೂತ. ಎಲ್ಲರೂ ನಕ್ಕರು. ನಾನೂ ನಗುತ್ತಾ ಪ್ಯಾಂಟು ಬಿಡಿಸಿ ನೋಡಿದೆ. ತೇಪೆಯ ಪಕ್ಕದಲ್ಲೇ ಮೇಲುಬಟ್ಟೆ ಉದ್ದಕ್ಕೆ ಸೀಳಿತ್ತು. ಗರಗಸ ಸವರಿಹೋದ ಗುರುತು, ಹೊಸದು. ನಾನು ಹೊಲಿದುಕೊಟ್ಟ ದಿನ ಅದು ಇರಲಿಲ್ಲ.

ಒಬ್ಬ ಮನುಷ್ಯನ ಕಾಲು, ಪ್ರಾಣವೇ ಎನ್ನು, ನನ್ನ ಅಹಂಕಾರದ ಪಕ್ಕದಲ್ಲಿ ಹಾದುಹೋಗಿದೆ. ಗೊತ್ತಿಲ್ಲದ ವಸ್ತುವನ್ನು ಇದೇನು ಎಂದು ಒಂದು ಮಾತು ಕೇಳಲಿಲ್ಲ ನಾನು. ಈ ಊರಿನಲ್ಲಿ ಇನ್ನು ಯಾವ ಮುಖ ಹೊತ್ತು ಕೂರಲಿ? ಮೆಷಿನ್ ವಾಪಸ್ ಕೊಡಲು ಹೇಳಿದ್ದೇನೆ. ಚಿಕ್ಕಮ್ಮನ ಪ್ಲಾಸ್ಟರ್ ಬಿಚ್ಚಿದ್ದಾರೆ. ಜುಲೈ ಮೊದಲ ವಾರ ಬಂದುಬಿಡುತ್ತೇನೆ. ನಮ್ಮ ನೀಲಿ ಸಮವಸ್ತ್ರವೇ ವಾಸಿ, ಅದರಿಂದ ಯಾರೂ ಸಾಯುವುದಿಲ್ಲ.

ಅಮ್ಮ


ಜೂನ್ ೨೬

ಅಮ್ಮಾ,

ಯಾರಿಗೂ ಏನೂ ಆಗಲಿಲ್ಲವಲ್ಲ, ಅಷ್ಟು ಸಾಕು. ನೀನು ಬೇಕೆಂದು ಮಾಡಿದ್ದಲ್ಲ. ಹೇಳಬೇಕಾದವರು ಮೊದಲೇ ಹೇಳಬೇಕಿತ್ತು.

ನಿನ್ನ ಕೋಣೆ ಗುಡಿಸಿ ಒರೆಸಿದ್ದೇನೆ. ಶಾಲೆಯವರ ಹತ್ತಿರ ಮತ್ತೆ ಮಾತಾಡಿದೆ, ಮುಂದಿನ ವರ್ಷ ನೋಡೋಣ ಎಂದರು. ಯಾವ ಬಸ್ಸು ಎಂದು ತಿಳಿಸು, ನಿಲ್ದಾಣಕ್ಕೆ ಬರುತ್ತೇನೆ. ಆ ಊರಿನ ಚಿಂತೆ ಅಲ್ಲೇ ಬಿಟ್ಟು ಬಾ.

ದಾರಿ ಕಾಯುತ್ತಿರುವ,
ಗುಂಡಿ


ಜುಲೈ ೪

ಗುಂಡೀ,

ಬಸ್ಸು ಯಾವುದೆಂದು ಬರೆಯುತ್ತಿಲ್ಲ. ಯಾಕೆಂದು ಹೇಳುತ್ತೇನೆ, ಪೂರ್ತಿ ಓದು.

ಇಲ್ಲಿ ತಿಂಗಳ ಮೊದಲ ಸೋಮವಾರ, ಕೆಲಸ ಶುರುವಾಗುವ ಮೊದಲು, ಸಾಮಿಲ್ಲಿನ ಶೆಡ್ಡಿನಲ್ಲಿ ಎಲ್ಲ ಸೇರುತ್ತಾರೆ. ಮರ ಕಡಿಯುವವರು, ಸಾಮಿಲ್ಲಿನವರು, ಕಾಲುದಾರಿ ನೋಡಿಕೊಳ್ಳುವವರು, ದೋಣಿಯವಳು, ಕಾಡು ನಂಬಿ ಬದುಕುವವರೆಲ್ಲ. ಒಬ್ಬೊಬ್ಬರಾಗಿ ಎದ್ದು ಆ ತಿಂಗಳು ತಾವು ಮಾಡಿದ ತಪ್ಪು ಹೇಳಬೇಕು. ಹೇಳಿ ಮುಗಿಸುವ ತನಕ ಯಾರೂ ಬಾಯಿ ಹಾಕುವ ಹಾಗಿಲ್ಲ. ಅದರಿಂದ ಕಲಿಯುವುದೇನಿದೆಯೋ ಅಲ್ಲೇ ಮಾತಾಡಿ ಮುಗಿಸುತ್ತಾರೆ. ಶೆಡ್ಡಿನಿಂದ ಹೊರಗೆ ಬಂದ ಮೇಲೆ ಆ ಮಾತೆತ್ತಿ ಯಾರನ್ನಾದರೂ ಹಂಗಿಸಿದರೆ ಅವರಿಗೆ ಕೆಲಸವಿಲ್ಲ. ಮೇಸ್ತ್ರಿಯಮ್ಮ ಭಾನುವಾರ ಸಂಜೆ ಬಂದು, ನೀವೂ ಬರಬೇಕು ಎಂದು ಕರೆದಳು. ನಾನು ಹೊರಟವಳು, ಪೆಟ್ಟಿಗೆಯೂ ಕಟ್ಟಿದೆ ಎಂದೆ. ಕಟ್ಟಿದ ಪೆಟ್ಟಿಗೆ ಸೋಮವಾರ ಮಧ್ಯಾಹ್ನವೂ ಕಟ್ಟಿಯೇ ಇರುತ್ತದೆ, ಬನ್ನಿ ಎಂದಳು.

ಹೋದೆ. ಹಲಗೆಗಳ ಮೇಲೆ ಸಾಲಾಗಿ ಕೂತಿದ್ದರು. ಹಸಿ ಮರದ ವಾಸನೆ. ದೋಣಿಯವಳು ಗಾಳಿ ಏಳುವ ಸೂಚನೆ ಇದ್ದರೂ ಒಂದು ಗುಂಪನ್ನು ಕೆರೆಗೆ ಬಿಟ್ಟೆ ಎಂದಳು. ಒಬ್ಬ, ನಡೆಯುವವರಿಗೆ ದಾರಿ ತಿರುಗಿಸುವ ಹಲಗೆ ಹಾಕುವುದನ್ನು ಮರೆತೆ ಎಂದ. ನನ್ನ ಸರದಿ ಬಂತು. ಎದ್ದು ನಿಂತೆ. ಎಲ್ಲ ಹೇಳಿದೆ, ಅಹಂಕಾರವನ್ನೂ ಸೇರಿಸಿ. ಕೂತೆ.

ಕೂಡಲೇ ಮೇಸ್ತ್ರಿಯಮ್ಮ ಎಲ್ಲರ ಪ್ಯಾಂಟುಗಳ ಒಳಮಗ್ಗುಲು ನೋಡಿಸಿದಳು. ಗುಂಡೀ, ಇನ್ನೂ ನಾಲ್ಕೈದು ಪ್ಯಾಂಟುಗಳಲ್ಲಿ ಹೊಲಿಗೆ ಸಿಕ್ಕಿತು! ಒಬ್ಬನದು ಹೆಂಡತಿ ಹೊಲಿದದ್ದು, ಒಬ್ಬನದು ಅಜ್ಜಿ, ಒಬ್ಬ ತಾನೇ ಹೊಲಿದುಕೊಂಡದ್ದು. ಯಾವ ಕಾಲದಿಂದ ಹಾಕಿಕೊಂಡು ಓಡಾಡುತ್ತಿದ್ದರೋ. ಎಲ್ಲವನ್ನೂ ಒಂದು ಮೂಲೆಗೆ ಹಾಕಿಸಿದಳು.

ಆಮೇಲೆ ಮರಿಯಾನೆ ಎದ್ದ. ಅವನು ಸಭೆಯಲ್ಲಿ ಬಾಯಿ ಬಿಡುವುದೇ ಅಪರೂಪವಂತೆ, ಎಲ್ಲ ತಿರುಗಿ ನೋಡಿದರು.

‘ಅಮ್ಮ ಹೇಳಿದ್ದು ಅವರ ತಪ್ಪು. ನಂದು ಬೇರೆ ಇದೆ,’ ಎಂದ. ‘ನಂಗೆ ಮೊದಲ್ನೇ ದಿನಾನೇ ಗೊತ್ತಾಯ್ತು. ಕೈ ಇಟ್ಟ ತಕ್ಷಣ ಗೊತ್ತಾಯ್ತು, ಒಳಗಿನ ಎಳೆ ಅಲ್ಲಾಡ್ತಿಲ್ಲ ಅಂತ. ಹೇಳೋಣ ಅಂತಲೇ ಸಂಜೆ ವಾಪಸ್ ಹೋದೆ. ಹೇಗಿದೆಯಪ್ಪಾ ಅಂದ್ರು. ಅವರ ಮುಖ ನೋಡಿದೆ. ತುಂಬಾ ಚೆನ್ನಾಗಿದೆ ಅಂದ್ಬಿಟ್ಟೆ. ಆಮೇಲೆ ದಿನಾ ಬಾಗಿಲಲ್ಲಿ ನಿಂತು ನನ್ನ ಮಂಡಿ ನೋಡೋರು. ಬೇರೆ ಪ್ಯಾಂಟು ಹಾಕ್ಕೊಂಡು ಅವರ ಮುಂದೆ ಹೇಗೆ ಹೋಗ್ಲಿ?’

ಯಾರೂ ನಗಲಿಲ್ಲ. ಮೇಸ್ತ್ರಿಯಮ್ಮ ಅವನ ಕಡೆ ತಿರುಗಿದಳು. ‘ಒಬ್ಬರ ಮನಸ್ಸು ನೋಯಿಸಬಾರದು ಅಂತ ಕಾಲು ಕಳ್ಕೊಳ್ಳೋಕೆ ಹೊರಟಿದ್ಯಾ?’ ಎಂದಳು. ಅವನು ತಲೆ ತಗ್ಗಿಸಿ ಹೌದು ಎಂದ.

ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎಂದು ನಮ್ಮಮ್ಮ ಹೇಳುತ್ತಿದ್ದಳು. ಆ ಗಾದೆ ನಾನು ನೂರು ಸಲ ಬಳಸಿದ್ದೇನೆ, ಅವತ್ತು ಅರ್ಥವಾಯಿತು. ಅಷ್ಟು ದೊಡ್ಡ ಗಂಡಸು, ಅಷ್ಟು ದೊಡ್ಡ ಮರಕ್ಕೆ ಹೆದರದವನು, ಒಬ್ಬ ಮುದುಕಿಯ ಮುಖ ಸಣ್ಣದಾಗುತ್ತದೆ ಎಂದು ಹೆದರಿದ. ಅವನ ಮೇಲೆ ಪ್ರೀತಿಯೂ ಬಂತು, ಎರಡು ಬಾರಿಸಬೇಕು ಎಂದೂ ಅನ್ನಿಸಿತು. ಹೊರಗೆ ಬಂದ ಮೇಲೆ ಅವನ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಅವನು ನನಗಿಂತ ಹೆಚ್ಚು ಗಾಬರಿಯಾದ.

ಕೋಣೆಗೆ ಬಂದು ನಿನ್ನ ಕಾಗದಗಳನ್ನು ಇನ್ನೊಮ್ಮೆ ಓದಿದೆ. ನೀನು ‘ಅವಸರವಿಲ್ಲ’ ಎಂದು ಬರೆದಿದ್ದೀಯ. ನಾನು ‘ಬಂದೇ ಬರುತ್ತೇನೆ’ ಎಂದು ಬರೆಯುತ್ತಾ ಬಂದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದುಕೊಂಡು ಇಬ್ಬರೂ ಮೂರು ತಿಂಗಳು ಕಳೆದೆವು. ಮರಿಯಾನೆಗಿಂತ ನಾವೇನು ಜಾಣರು? ಅದಕ್ಕೆ ಈಗ ನೇರ ಬರೆಯುತ್ತೇನೆ.

ನನಗೆ ಇಲ್ಲೇ ಇರಬೇಕು ಅನ್ನಿಸುತ್ತದೆ. ಚಿಕ್ಕಮ್ಮನಿಗಾಗಿ ಅಲ್ಲ, ಅವಳು ಆಗಲೇ ಎರಡೂ ಕೈಯಲ್ಲಿ ನನ್ನನ್ನು ಆಚೆ ದಬ್ಬುತ್ತಿದ್ದಾಳೆ. ಇಲ್ಲಿನ ಕೆಲಸ ಇಷ್ಟ, ಇಲ್ಲಿನ ಜನ ಇಷ್ಟ. ತಪ್ಪು ಮಾಡಿದವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುವ ಊರು ನನ್ನ ಆಯುಸ್ಸಿನಲ್ಲಿ ಬೇರೆ ಕಂಡಿಲ್ಲ. ಮೇಸ್ತ್ರಿಯಮ್ಮ ಹೇಳಿದ್ದಾಳೆ: ಆ ಪ್ಯಾಂಟುಗಳಿಗೆ ಸೂಜಿ ಹಾಕಬೇಡಿ, ಆದರೆ ತಿಂಗಳಿಗೊಮ್ಮೆ ಎಲ್ಲ ನಿಮ್ಮ ಕೈಯಿಂದ ಹಾದುಹೋಗಲಿ, ಯಾವುದನ್ನು ತಿರಸ್ಕರಿಸಬೇಕು ಎಂದು ನೀವು ಹೇಳಿ. ನಿನ್ನೆ ಪುರಸಭೆಗೆ ಹೋಗಿ ಕೋಣೆ ಬೇಕು ಎಂದು ಹೇಳಿ ಬಂದೆ. ಈ ಸಲ ಮಗಳನ್ನು ಕೇಳಬೇಕು ಎನ್ನಲಿಲ್ಲ.

ನಿನಗೆ ಸಿಟ್ಟು ಬರುತ್ತದೆ. ಬರಲಿ. ನೀನೂ ದಾಕ್ಷಿಣ್ಯ ಬಿಟ್ಟು ಬರೆ. ‘ನಿನ್ನಿಷ್ಟ’ ಎಂದು ಮಾತ್ರ ಬರೆಯಬೇಡ.

ಪೆಟ್ಟಿಗೆ ಬಿಚ್ಚಿದ,
ಅಮ್ಮ


ಜುಲೈ ೧೬

ಅಮ್ಮಾ,

ನಿನ್ನ ಕಾಗದ ಅಂಗಡಿಯಲ್ಲೇ ಓದಿದೆ. ಆಮೇಲೆ ಬಂದ ಹೆಂಗಸಿಗೆ ಎಡಗಣ್ಣಿನ ಗಾಜು ಬಲಗಣ್ಣಿಗೆ ಹಾಕಿ, ಈಗ ಹೇಗೆ ಕಾಣುತ್ತದೆ ಎಂದು ಕೇಳುತ್ತಿದ್ದೆ. ಅವರು ಪಾಪ, ಚೆನ್ನಾಗಿ ಕಾಣುತ್ತಿದೆ ಎಂದರು. ನಿಮ್ಮ ಮರಿಯಾನೆಯ ನೆಂಟರು ಎಲ್ಲ ಊರಲ್ಲೂ ಇದ್ದಾರೆ.

ಸಿಟ್ಟು ಬಂತು. ನೀನು ಹೇಳಿದ್ದಕ್ಕಿಂತ ಹೆಚ್ಚೇ ಬಂತು. ‘ಅವಸರವಿಲ್ಲ’ ಎಂದು ಬರೆದದ್ದು ಸುಳ್ಳು. ಬರೆಯುವಾಗ ಪೆನ್ನು ಒತ್ತಿ ಒತ್ತಿ ಕಾಗದ ತೂತಾಗಿತ್ತು, ಬೇರೆ ಹಾಳೆಯಲ್ಲಿ ಬರೆದು ಕಳಿಸಿದೆ. ಕೂತುಕೊಂಡು ಊಟ ಮಾಡುತ್ತೇನೆ ಎಂದದ್ದೂ ಸುಳ್ಳು. ಅಡುಗೆಮನೆಯಲ್ಲಿ ನಿಂತೇ ತಿನ್ನುತ್ತೇನೆ. ಅಂಗಡಿ ಮುಚ್ಚಿದ ಮೇಲೂ ಗಾಜು ಒರೆಸುತ್ತಾ ಕೂರುತ್ತೇನೆ, ಮನೆಗೆ ಹೋದರೆ ಬೀಗ ತೆಗೆಯಬೇಕಲ್ಲ ಎಂದು. ನೀನಿದ್ದಾಗ ಬಾಗಿಲು ತಟ್ಟುತ್ತಿದ್ದೆ. ನನ್ನ ಕೀಲಿಕೈ ಎಲ್ಲಿದೆ ಎಂದೇ ನನಗೆ ಗೊತ್ತಿರಲಿಲ್ಲ. ಹೆದರಿಕೆ ಏನಿಲ್ಲ. ಬೈಯುವವರಿಲ್ಲ, ಅಷ್ಟೇ.

ನಾನು ಕಣ್ಣಾರೆ ನೋಡದ ಆ ಊರಿನ ಮೇಲೆ ನನಗೆ ಹೊಟ್ಟೆಕಿಚ್ಚು. ಆ ಕೆರೆ, ಆ ಬಾತುಕೋಳಿಗಳ ಹಲಗೆ, ದಾರಿ ಬಿಟ್ಟು ನಿನ್ನ ಜೊತೆ ಬಂದ ಜನ, ಎಲ್ಲದರ ಮೇಲೂ. ಅವರು ಒಳ್ಳೆಯವರಲ್ಲದಿದ್ದರೆ ನಾನು ನಿನ್ನನ್ನು ಎಳೆದುಕೊಂಡು ಬರಬಹುದಿತ್ತು. ನಿನ್ನ ಕಾಗದದಲ್ಲಿ ಅವರ ಒಂದೇ ಒಂದು ಕೆಟ್ಟ ಗುಣವಾದರೂ ಸಿಗುತ್ತದೆಯೇ ಎಂದು ಹುಡುಕಿದೆ. ಸಿಗಲಿಲ್ಲ.

ಒಂದು ತಪ್ಪು ಹೇಳುವುದಿದೆ. ನಾನು ಆ ಶೆಡ್ಡಿನಲ್ಲಿ ಇಲ್ಲ, ಇಲ್ಲಿಂದಲೇ ಎದ್ದು ನಿಂತು ಹೇಳುತ್ತಿದ್ದೇನೆ ಎಂದುಕೋ. ಜೂನ್‌ನಲ್ಲಿ ನಿನ್ನ ಕಾಗದ ಬಂದಾಗ, ಗರಗಸದ ಗುರುತಿನ ಮಾತು ಓದಿದಾಗ, ಆ ಮನುಷ್ಯ ಬದುಕಿಕೊಂಡ ಎಂದು ಸಂತೋಷವಾಯಿತು. ಅದಕ್ಕೂ ಮೊದಲು, ಒಂದು ಗಳಿಗೆ ಮೊದಲು, ಇನ್ನು ಅಮ್ಮ ವಾಪಸ್ ಬರುತ್ತಾಳೆ ಎಂದು ಸಂತೋಷವಾಯಿತು. ನಿನ್ನ ಕೈ ಸೋತದ್ದಕ್ಕೆ ಸಂತೋಷಪಟ್ಟೆ. ಆ ಸಂತೋಷವನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ನಿನ್ನ ಕೋಣೆ ಗುಡಿಸಿ ಒರೆಸಿದೆ.

‘ಅಲ್ಲೇ ಸುಖವಾಗಿರು’ ಎಂದು ಬರೆದು ಮುಗಿಸೋಣ ಎಂದುಕೊಂಡೆ. ದಾಕ್ಷಿಣ್ಯ ಬೇಡ ಎಂದಿದ್ದೀಯ, ಬರೆಯುವುದಿಲ್ಲ. ನಿಜವಾಗಿ ಅನ್ನಿಸಿದ ದಿನ ಬರೆಯುತ್ತೇನೆ.

ಗುಂಡಿ